ಮಾಕಳಿ ಬೇರು ಬೆಟ್ಟ ಇಳಿಯುವಾಗ ಅಲ್ಲೇ ಬಿಟ್ಟು ಬರುವುದೇನು?

ಸಂಕ್ರಾಂತಿ ಹತ್ತಿರವಾಗುತ್ತಿದ್ದಂತೆ ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲೋ ಗಾಂಧಿಬಜಾರಿನಲ್ಲೋ ಅವರೆಕಾಯಿ ರಾಶಿಯ ಮಗ್ಗುಲಲ್ಲಿ ಮಣ್ಣು ಮೆತ್ತಿದ, ಬೆರಳು ಗಾತ್ರದ ಬೇರುಗಳನ್ನು ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವ ಸರಕು ಅದು. ಕೆಲವರಿಗೆ ಆ ವಾಸನೆಯೆಂದರೆ ಬಾಯಲ್ಲಿ ನೀರು, ಇನ್ನು ಕೆಲವರು ತಿಗಣೆ ವಾಸನೆ ಎಂದು ಮೂಗು ಮುಚ್ಚಿಕೊಂಡು ದಾಟುತ್ತಾರೆ. ಇದೇ ಮಾಕಳಿ ಬೇರು. ಮಾಗಳಿ, ಮಾಹಾಳಿ ಎಂದೂ ಅನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ.

ಬೆಂಗಳೂರಿಗೆ ಇದು ಉಪ್ಪಿನಕಾಯಿ. ಇಲ್ಲಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ ಇದು ಮದ್ದೂ ಹೌದು, ತಿನಿಸೂ ಹೌದು, ಮಾರಿದರೆ ನಾಲ್ಕು ಕಾಸೂ ಹೌದು. ಕಾಡಿನ ಗಿಡ ಮದ್ದಾಗಬೇಕಾದರೆ ಐದು ಸಂಗತಿ ಗೊತ್ತಿರಬೇಕು: ಯಾವ ಗಿಡ, ಎಲ್ಲಿ ಬೆಳೆದದ್ದು, ಯಾವ ಕಾಲದಲ್ಲಿ ಕಿತ್ತದ್ದು, ಅದರ ಯಾವ ಭಾಗ, ಹೇಗೆ ಕೊಡುವುದು. ಬೆಟ್ಟ ಇಳಿದು ಪೇಟೆಗೆ ಬರುವುದು ಒಣಗಿದ ಒಂದು ತುಂಡು ಮತ್ತು ಅದರ ಹೆಸರು. ಉಳಿದ ಸಂಗತಿಗಳು ಅಲ್ಲೇ ಉಳಿದುಬಿಡುತ್ತವೆ. ಹೆಸರೂ ಎಷ್ಟೋ ಸಲ ತಪ್ಪಾಗಿರುತ್ತದೆ. ಒಣ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಯಿಂದ ತಂದ ಮದ್ದು ಕೆಲಸ ಮಾಡದಿದ್ದರೆ, ಅಥವಾ ಕೆಡುಕನ್ನೇ ಮಾಡಿದರೆ, ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ಸೋಲಿಗರು ಇಡೀ ಬೆಟ್ಟವನ್ನು ‘ಕಾಡು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ. ಕಾನುಕಾಡು, ಮಲೆಕಾಡು, ನಾಡುಕಾಡು, ಹುಲ್ಲು ಬೆಳೆಯುವ ಬೋಳೆ ಎಂದು ಒಂದೊಂದಕ್ಕೂ ಹೆಸರಿದೆ, ಒಂದೊಂದರಲ್ಲೂ ಸಿಗುವ ಗಿಡ ಬೇರೆ. ಜೇನಿನಲ್ಲೂ ಹಾಗೆಯೇ: ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರೆ. ಮದ್ದಿನ ಜೊತೆ ಜೇನು ಕೊಡು ಎಂದರೆ ಅಂಗಡಿಯ ಬಾಟಲಿ ತೆಗೆಯುವ ನಮಗೆ, ಯಾವ ಜೇನು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಕುಲಕ್ಕೊಂದು ನೆಲೆ, ನೆಲೆಗೊಂದು ದೇವರು, ಮಾರಮ್ಮ, ವೀರು ಎಂಬ ದೈವ, ಸಮಾಧಿಯ ಕಲ್ಲುಗುಡಿ, ನೀರಿನ ಅಬ್ಬಿ ಎಂದು ಬೆಟ್ಟದ ಮೂಲೆಮೂಲೆಯೂ ಗುರುತಾಗಿದೆ. ಯಾವ ಬಳ್ಳಿ ಯಾವ ಕಲ್ಲಿನ ಬುಡದಲ್ಲಿದೆ ಎಂಬುದು ಈ ಗುರುತುಗಳ ಆಸರೆಯಿಂದಲೇ ನೆನಪಿನಲ್ಲಿ ಉಳಿಯುವುದು.

ಬೇರಿನ ಒಳಗೆ ಏನಿದೆ

ಮಾಕಳಿಯ ವಾಸನೆಗೆ ಕಾರಣವಾದ ವಸ್ತು ವೆನಿಲಾದ ಪರಿಮಳಕ್ಕೆ ಕಾರಣವಾದ ವೆನಿಲಿನ್‌ನ ದಾಯಾದಿ. ಎರಡರಲ್ಲೂ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳು. ಜೋಡಣೆ ಮಾತ್ರ ಬೇರೆ. ಆ ಒಂದು ವ್ಯತ್ಯಾಸಕ್ಕೆ ಒಂದು ಐಸ್‌ಕ್ರೀಮಿಗೆ ಹೋಯಿತು, ಇನ್ನೊಂದು ತಿಗಣೆ ಎಂಬ ಬೈಗುಳ ತಿಂದಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ಬೇರಿನ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಬೂಷ್ಟನ್ನೂ ಕಾಳಿನ ಹುಳುವನ್ನೂ ಹತ್ತಿರ ಬಿಡದ ಗುಣ ಇದಕ್ಕಿದೆ. ಮಾಕಳಿ ಉಪ್ಪಿನಕಾಯಿ ಬೇರೆ ಯಾವ ರಕ್ಷಕವೂ ಇಲ್ಲದೆ ವರ್ಷಗಟ್ಟಲೆ ಕೆಡದಿರುವುದಕ್ಕೆ ಉಪ್ಪಿನ ಜೊತೆ ಈ ವಸ್ತುವಿನ ಪಾಲೂ ಇದೆ.

ಈ ವಸ್ತು ಆವಿಯಾಗಿ ಹಾರಿಹೋಗುವಂಥದ್ದು. ಅದು ತುಂಬಿರುವುದು ಬೇರಿನ ತಿರುಳಿನಲ್ಲಿ, ನಡುವಿನ ಕಟ್ಟಿಗೆಯಂಥ ದಿಂಡಿನಲ್ಲಿ ಅಲ್ಲ. ಈ ಎರಡು ಮಾತು ನೆನಪಿದ್ದರೆ ಅಡುಗೆಮನೆಯ ವಿಧಾನ ತಾನಾಗಿಯೇ ಅರ್ಥವಾಗುತ್ತದೆ.

ತಂದ ಬೇರನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಮಣ್ಣು ಬಿಡುತ್ತದೆ, ಒಣಗಿ ಸುಕ್ಕಾದದ್ದು ಮತ್ತೆ ಉಬ್ಬುತ್ತದೆ. ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿ ಎರಡು ಮೂರು ನೀರು ಬದಲಿಸಿ, ಕಂದು ಸಿಪ್ಪೆಯನ್ನು ಚಾಕುವಿನ ಬೆನ್ನಿನಿಂದ ಹೆರೆಯಿರಿ. ಆಮೇಲೆ ಉದ್ದಕ್ಕೆ ಸೀಳಬೇಕು. ಇಲ್ಲವೇ ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿದರೆ ನಡುವಿನ ದಿಂಡು ಬಿಟ್ಟುಕೊಳ್ಳುತ್ತದೆ. ಅದನ್ನು ಎಳೆದು ಎಸೆಯಿರಿ. ಉಳಿದ ತಿರುಳನ್ನು ಬೆರಳ ಗೆಣ್ಣಿನಷ್ಟು ತುಂಡು ಮಾಡಿ, ಹೆಚ್ಚಿದ ಹಾಗೆ ಹಾಗೆಯೇ ಉಪ್ಪು ಮತ್ತು ನಿಂಬೆರಸ ಬೆರೆಸಿದ ನೀರಿಗೆ ಹಾಕುತ್ತಾ ಹೋಗಬೇಕು. ಗಾಳಿಗೆ ಬಿಟ್ಟರೆ ಬಾಳೆಕಾಯಿಯ ಹಾಗೆ ಕಪ್ಪಾಗುತ್ತದೆ. ಶುದ್ಧ ಮಾಡಿದ ಒಂದು ಕಿಲೋ ತುಂಡಿಗೆ 200 ಗ್ರಾಂ ಉಪ್ಪು, 10-12 ನಿಂಬೆಹಣ್ಣಿನ ರಸ, 50 ಗ್ರಾಂ ಸಾಸಿವೆ ಪುಡಿ, 50ರಿಂದ 75 ಗ್ರಾಂ ಅಚ್ಚಖಾರದ ಪುಡಿ, ಒಂದು ಚಮಚ ಅರಿಶಿನ. ಕೆಲವು ಮನೆಗಳಲ್ಲಿ ನಿಂಬೆರಸದ ಬದಲು ಹುಳಿ ಮಜ್ಜಿಗೆ. ಹದಿನೈದು ದಿನ ಜಾಡಿಯ ಬಾಯಿ ಕಟ್ಟಿಟ್ಟು, ದಿನಕ್ಕೊಮ್ಮೆ ಒಣ ಸೌಟಿನಿಂದ ಕೈಯಾಡಿಸಬೇಕು. ತಿನ್ನುವಾಗ ಕಡ್ಡಿ ಅಗಿದ ಹಾಗಾದರೆ ದಿಂಡು ಪೂರ್ತಿ ತೆಗೆದಿಲ್ಲ ಎಂದರ್ಥ. ಮೇಲೆ ಬಿಳಿ ಬೂಷ್ಟು ಬಂದರೆ ಉಪ್ಪು ಸಾಲದು, ಇಲ್ಲವೇ ಜಾಡಿ ಹಸಿಯಾಗಿತ್ತು. ಬೇಗ ಮೆತ್ತಗಾಗಲಿ ಎಂದು ಬೇರನ್ನು ಕುದಿಸಿದರೆ ವಾಸನೆಯೆಲ್ಲ ಆವಿಯ ಜೊತೆ ಹೋಗಿ, ಉಳಿಯುವುದು ಬರೀ ನಾರು.

ಇದೇ ಬೇರು ಒಣಗಿದ ಮೇಲೆ ಗ್ರಂಧಿಗೆ ಅಂಗಡಿಯಲ್ಲಿ ವೇಷ ಬದಲಿಸುತ್ತದೆ. ಆಯುರ್ವೇದದ ಸಾರಿವಾ ಎಂದರೆ ನಮ್ಮ ಸೊಗದೆ ಬೇರು, ನಾಮದ ಬೇರು ಎಂದೂ ಕರೆಯುವ ಹೆಮಿಡೆಸ್ಮಸ್ ಇಂಡಿಕಸ್. ಸೊಗದೆ ಬೇರು ಸಣ್ಣ, ಪೆನ್ಸಿಲ್‌ಗಿಂತ ತೆಳ್ಳಗೆ, ತಂತಿಯ ಹಾಗೆ ಬಿರುಸು, ಸಿಪ್ಪೆ ಅಡ್ಡಡ್ಡ ಬಿರಿದು ಕಪ್ಪು ಕಂದಾಗಿರುತ್ತದೆ. ಅದನ್ನು ಕೆದಕಿ ಕೂಡಿಸುವುದು ಸಣ್ಣ ಕೆಲಸವಲ್ಲ. ಮಾಕಳಿ ಬೇರು ದಪ್ಪ, ಒಂದು ಬುಡ ಅಗೆದರೆ ಚೀಲ ಭಾರವಾಗುತ್ತದೆ. ಪರಿಮಳವೂ ಒಂದೇ ಮನೆತನದ್ದು. ಹಾಗಾಗಿ ದಕ್ಷಿಣದ ಮಾರುಕಟ್ಟೆಯಲ್ಲಿ ಸಾರಿವಾ ಹೆಸರಿನಲ್ಲಿ, ಸೊಗದೆಯಿಂದ ಮಾಡುವ ನನ್ನಾರಿ ಶರಬತ್ತಿನ ಹೆಸರಿನಲ್ಲಿ ಮಾಕಳಿ ಹೋಗುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬೇಧ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಚೂರು ಅಗಿಯಿರಿ: ಮಾಕಳಿ ಮೊದಲು ಸಿಹಿ, ಆಮೇಲೆ ನಾಲಿಗೆ ಜುಮ್ಮೆನ್ನುತ್ತದೆ. ಸೊಗದೆಯಲ್ಲಿ ಪರಿಮಳವಿದೆ, ಆ ಜುಮ್ಮು ಇಲ್ಲ. ಹಸಿ ಬಳ್ಳಿ ಸಿಕ್ಕರೆ ಇನ್ನೂ ಸುಲಭ. ಸೊಗದೆಯ ನೀಳ ಎಲೆಯ ನಡುನರದ ಉದ್ದಕ್ಕೂ ಸಾಮಾನ್ಯವಾಗಿ ಬಿಳಿ ಗೆರೆ ಇರುತ್ತದೆ, ಸಾವನದುರ್ಗದಂಥ ಬಂಡೆಗುಡ್ಡಗಳ ಕುರುಚಲಿನಲ್ಲಿ ನೆಲಕ್ಕಂಟಿ ಹಬ್ಬಿರುತ್ತದೆ.

ಶರಬತ್ತಿಗಾದರೆ ಎರಡೂ ಒಂದೇ ಎನ್ನಬಹುದೇನೋ. ಮದ್ದಿಗೆ ಒಂದೇ ಎನ್ನಲಾಗದು. ಒಂದು ಗಿಡದ ಮೇಲೆ ಸಾಬೀತಾದದ್ದನ್ನು ಇನ್ನೊಂದರ ಪೊಟ್ಟಣದ ಮೇಲೆ ಅಚ್ಚು ಹಾಕುವ ಹಕ್ಕು ಅಂಗಡಿಯವರಿಗಿಲ್ಲ.

ನೆಲ್ಲಿಕಾಯಿ, ಉಪ್ಪಿಲು, ತರಗು ಬೆಂಕಿ

ಸೋಲಿಗರ ಜ್ಞಾನ ಎಂದ ಕೂಡಲೇ ‘ಈ ಕಾಯಿಲೆಗೆ ಈ ಎಲೆ’ ಎಂಬ ಪಟ್ಟಿ ನಿರೀಕ್ಷಿಸುವವರೇ ಹೆಚ್ಚು. ಪಟ್ಟಿ ಬರೆಯುವುದು ಸುಲಭ. ಗಿಡ ಮುಂದಿನ ವರ್ಷವೂ ಇರುವ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬುದು ಆ ಜ್ಞಾನದ ದೊಡ್ಡ ಪಾಲು, ಪಟ್ಟಿಗೆ ಅದು ಸಿಗುವುದಿಲ್ಲ. ನೆಲ್ಲಿಯನ್ನೇ ನೋಡಿ.

ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ್ಲಿ ಎರಡು ಜಾತಿಯದು. ಎಲ್ಲ ಕಡೆ ಕಾಣುವ ಫಿಲಾಂಥಸ್ ಎಂಬ್ಲಿಕ ಒಂದು, ಒಣಕಾಡಿನ ಫಿಲಾಂಥಸ್ ಇಂಡೋಫಿಷೆರಿ ಇನ್ನೊಂದು. ಸೋಲಿಗರು ಎರಡನ್ನೂ ಬೇರೆ ಹೆಸರಿಟ್ಟೇ ಕರೆಯುತ್ತಾರೆ. ಕೊಯ್ಲು ಚಳಿಗಾಲದಲ್ಲಿ. ಮರ ಹತ್ತಿ, ಕೋಲಿನಿಂದ ತಟ್ಟಿ ಉದುರಿಸುವುದು ರೂಢಿ. ಎಲ್ಲವನ್ನೂ ಉದುರಿಸುವುದಿಲ್ಲ. ಜಿಂಕೆ, ಕಡವೆಗಳಿಗೆ, ಬೀಜಕ್ಕೆ ಎಂದು ಒಂದು ಪಾಲು ಮರದಲ್ಲೇ ಬಿಡುತ್ತಾರೆ. ಅವಸರದ ಕೊಯ್ಲಿನಲ್ಲಿ ಮಾತ್ರ ರೆಂಬೆಯನ್ನೇ ಕಡಿಯುತ್ತಾರೆ. ಅವಸರ ಬರುವುದು ಹಕ್ಕಿನ ಖಾತರಿ ಇಲ್ಲದಾಗ: ನಾನು ಬಿಟ್ಟದ್ದನ್ನು ನಾಳೆ ಇನ್ಯಾರೋ ಕೊಯ್ಯುತ್ತಾರೆ ಎಂದ ಮೇಲೆ ಬಿಡುವವರು ಯಾರು?

ನೆಲ್ಲಿ ಮರಕ್ಕೆ ದೊಡ್ಡ ಪೀಡೆ ಉಪ್ಪಿಲು. ನಾವು ಬದನಿಕೆ, ಬಂದಳಿಕೆ ಎನ್ನುವ ಗಿಡ. ಹಕ್ಕಿಗಳು ಹಣ್ಣು ತಿಂದು ಅಂಟಾದ ಬೀಜವನ್ನು ರೆಂಬೆಗೆ ಒರೆಸುತ್ತವೆ. ಬೀಜ ಅಲ್ಲೇ ಮೊಳೆತು ತೊಗಟೆಯೊಳಗೆ ಬೇರಿಳಿಸುತ್ತದೆ. ಹಸಿರೆಲೆ ಇರುವುದರಿಂದ ತನ್ನ ಅನ್ನವನ್ನು ತಾನೇ ಮಾಡಿಕೊಳ್ಳುತ್ತದೆ, ನೀರು ಮತ್ತು ಲವಣ ಮಾತ್ರ ನೆಲ್ಲಿಯದ್ದು. ಕೆಲವೇ ವರ್ಷಗಳಲ್ಲಿ ಕಾಯಿ ಕಡಿಮೆಯಾಗಿ, ರೆಂಬೆ ಒಣಗಿ, ಮರವೇ ಹೋಗುತ್ತದೆ.

ಇದಕ್ಕೆ ಸೋಲಿಗರ ಹಳೆಯ ಮದ್ದು ತರಗು ಬೆಂಕಿ. ಚಳಿ ಮುಗಿಯುತ್ತಿದ್ದಂತೆ, ಹುಲ್ಲು ಇನ್ನೂ ಪೂರ್ತಿ ಒಣಗಿರದ ಹೊತ್ತಿನಲ್ಲಿ ನೆಲದ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರ ದಾಟದ ಬೆಂಕಿ. ತರಗು ಸುಡುತ್ತದೆ, ಬಲಿತ ಮರ ಸುಡುವುದಿಲ್ಲ. ಶಾಖ ಮತ್ತು ಹೊಗೆಗೆ ಉಪ್ಪಿಲು ತಗ್ಗುತ್ತದೆ, ಪೊದೆ ಏಳುವುದಿಲ್ಲ, ಹೊಸ ಹುಲ್ಲು ಚಿಗುರುತ್ತದೆ ಎಂಬುದು ಅವರ ಅನುಭವ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಬೆಂಕಿ ಅಪರಾಧವಾಯಿತು. ಆಮೇಲಿನ ದಶಕಗಳಲ್ಲಿ ಉಪ್ಪಿಲು ಹೆಚ್ಚಿತು, ಕಾಡಿನ ತುಂಬ ಲಂಟಾನ ಎಂಬ ಕಳೆ ಪೊದೆ ತುಂಬಿಕೊಂಡಿತು. ಕೂಡಿಬಿದ್ದ ತರಗಿಗೆ ಮಾರ್ಚ್-ಏಪ್ರಿಲ್‌ನಲ್ಲಿ ಬೆಂಕಿ ಬಿದ್ದರೆ ಅದು ಲಂಟಾನದ ಏಣಿ ಹತ್ತಿ ಮರದ ತಲೆಗೇ ಹೋಗುತ್ತದೆ. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೋಲಿಗರ ಜೊತೆಗೇ ಕೂತು ನೆಲ್ಲಿ, ಉಪ್ಪಿಲು, ಬೆಂಕಿಯ ಈ ಲೆಕ್ಕವನ್ನು ವರ್ಷಗಟ್ಟಲೆ ಹಾಕಿದ್ದಾರೆ. ಬೆಂಕಿಯೊಂದೇ ಕಾರಣವೇ ಎಂಬ ಚರ್ಚೆಗೆ ಈಗಲೂ ಜಾಗವಿದೆ. ಕಾಡಿನಲ್ಲಿ ಹುಟ್ಟಿ ಬೆಳೆದವರನ್ನು ಕೇಳದೆ ಬೆಂಕಿ ನಿಲ್ಲಿಸಿದ್ದು ಎಡವಟ್ಟು ಎಂಬ ಬಗ್ಗೆ ಮಾತ್ರ ನಮಗೆ ಅನುಮಾನವಿಲ್ಲ.

ಪೇಟೆಯ ನೆಲ್ಲಿಯ ಬಗ್ಗೆ ಒಂದು ಮಾತು. ಮಾರುಕಟ್ಟೆಯ ದೊಡ್ಡ, ನುಣುಪು ನೆಲ್ಲಿ ತೋಟದ ತಳಿ. ಕಾಡಿನದ್ದು ಸಣ್ಣದು, ನಾರು ಹೆಚ್ಚು, ಒಗರು ಜಾಸ್ತಿ. ಆ ಒಗರೇ ಟ್ಯಾನಿನ್. ಒಣಗಿಸಿದರೂ ಇಂಗಿಹೋಗದೆ ಉಳಿಯುವ ಗುಣ ಅದರದ್ದು. ಉಪ್ಪಿನಕಾಯಿಗೆ ದೊಡ್ಡದೇ ಚೆಂದ. ಒಣಗಿಸಿ ಇಟ್ಟುಕೊಳ್ಳಲು ನಾಟಿ ನೆಲ್ಲಿಯೇ ಸರಿ: ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದರೆ ತೊಳೆಗಳು ಬಿಡುತ್ತವೆ, ಬೀಜ ತೆಗೆದು ನೆರಳಿನಲ್ಲಿ ಗಾಳಿಯಾಡುವ ಕಡೆ ಮುರಿದರೆ ಟಕ್ಕೆನ್ನುವ ತನಕ ಒಣಗಿಸಬೇಕು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಶಾಯಿಯ ಹಾಗೆ ಕಪ್ಪಾಗುತ್ತದೆ. ತಲೆಗೆ ಹಚ್ಚುವುದಕ್ಕೆ ಅದು ಬೇಕು, ಕುಡಿಯುವುದಕ್ಕೆ ಬೇಡ.

ಒಂದೇ ಹೆಸರು, ಬೇರೆ ಬೇರೆ ಸೊಪ್ಪು

ಬೆಂಗಳೂರಿನ ಸೊಪ್ಪಿನವರ ಹತ್ತಿರ ‘ಬ್ರಾಹ್ಮಿ’ ಕೇಳಿದರೆ ಕೊಡುವುದು ಒಂದೆಲಗ. ನಾಣ್ಯದ ಹಾಗೆ ದುಂಡಗಿನ, ಒಂದು ಕಡೆ ಸೀಳಿದ ಎಲೆ, ತಂಬುಳಿಗೆ ಬಳಸುವುದು. ಆಯುರ್ವೇದದ ಬಹುತೇಕ ವೈದ್ಯರು ಬ್ರಾಹ್ಮಿ ಎನ್ನುವುದು ನೀರುಬ್ರಾಹ್ಮಿಗೆ: ಸಣ್ಣ, ದಪ್ಪ ಎಲೆ, ಐದು ಎಸಳಿನ ತಿಳಿನೀಲಿ ಹೂವು, ಬಾಯಿಗೆ ಕಹಿ. ಎರಡೂ ನೆನಪಿನ ಶಕ್ತಿಯ ಹೆಸರಿನಲ್ಲೇ ಮಾರಾಟವಾಗುತ್ತವೆ, ಸಸ್ಯಕುಟುಂಬದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ತಂಬುಳಿಗೆ ಒಂದೆಲಗ ತರುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎರಡೂ ತೇವ ಬೇಡುವ ಗಿಡಗಳು, ಚರಂಡಿ ನೀರಿನ ಅಂಚಿನಲ್ಲೂ ಸೊಂಪಾಗಿ ಬೆಳೆಯುತ್ತವೆ, ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ಳುತ್ತವೆ. ತೊಳೆದರೆ ಹೋಗುವಂಥದ್ದಲ್ಲ ಅದು. ಈ ಊರಿನಲ್ಲಿ ಒಂದೆಲಗವನ್ನು ಮನೆಯ ಕುಂಡದಲ್ಲಿ ಬೆಳೆದುಕೊಳ್ಳುವುದೇ ಒಳ್ಳೆಯದು. ಅರ್ಧ ನೆರಳು, ಅಗಲವಾದ ತೊಟ್ಟಿ, ದಿನಾ ನೀರು. ಒಂದು ತಿಂಗಳಲ್ಲಿ ತಂಬುಳಿಗಾಗುವಷ್ಟು ಹಬ್ಬುತ್ತದೆ.

ಅಮೃತಬಳ್ಳಿಯದು ಇದಕ್ಕಿಂತ ಗಂಭೀರ ಕತೆ. ಕೋವಿಡ್ ಕಾಲದಲ್ಲಿ ಕಾಂಪೌಂಡಿನ ಮೇಲಿದ್ದ ಬಳ್ಳಿಯನ್ನೆಲ್ಲ ಕತ್ತರಿಸಿ ಕುದಿಸಿದ್ದು ನಾವೇ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಮೇಲೆ ಯಕೃತ್ತಿಗೆ ಪೆಟ್ಟು ಬಿದ್ದ 6 ರೋಗಿಗಳ ವಿವರ ಪ್ರಕಟಿಸಿದರು. ಅಮೃತಬಳ್ಳಿಯನ್ನೇ ಹೋಲುವ ಟಿನೋಸ್ಪೋರ ಕ್ರಿಸ್ಪ ಎಂಬ ಇನ್ನೊಂದು ಬಳ್ಳಿಯ ಜೊತೆ ಗೊಂದಲವಾಗಬಹುದು ಎಂದು ಆಯುಷ್ ಸಚಿವಾಲಯ ಎಚ್ಚರಿಸಿತು. ಎರಡರದ್ದೂ ಹೃದಯದಾಕಾರದ ಎಲೆ, ಎಲೆ ನೋಡಿ ಹೇಳಲಾಗದು. ಕಾಂಡ ನೋಡಬೇಕು. ಅಮೃತಬಳ್ಳಿಯ ಬಲಿತ ಕಾಂಡದ ಮೇಲೆ ಕಾಗದದಷ್ಟು ತೆಳ್ಳಗಿನ ಸಿಪ್ಪೆ ಸುಲಿಯುತ್ತದೆ, ಒಳಗೆ ಹಸಿರು, ಅಡ್ಡ ಕತ್ತರಿಸಿದರೆ ಗಾಡಿಚಕ್ರದ ಅರಗಳಂಥ ಗೆರೆ. ಇನ್ನೊಂದರ ಕಾಂಡದ ತುಂಬ ಹಾಗಲಕಾಯಿಯ ಹಾಗೆ ಗಂಟುಗಂಟು. ಗಿಡ ಸರಿಯಾದದ್ದೇ ಆಗಿದ್ದರೂ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ ಇರುವವರು, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮಧುನಾಶಿನಿಗೆ ಪರೀಕ್ಷೆ ನಾಲಿಗೆಯೇ. ಎರಡು ಎಲೆ ಚೆನ್ನಾಗಿ ಅಗಿದು ಉಗಿದು, ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರಬೇಕು. ಸಿಹಿ ತಿಳಿದರೆ ಎಲೆ ಹಳೆಯದು ಅಥವಾ ಬೇರೆಯದು. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆಗೆ ಇದನ್ನೂ ನುಂಗಿ ಸಕ್ಕರೆ ವಿಪರೀತ ಇಳಿದು ತಲೆಸುತ್ತಿ ಬೀಳುವ ಅಪಾಯವಿದೆ. ವೈದ್ಯರಿಗೆ ಹೇಳಬೇಕಾದ ಮದ್ದುಗಳ ಪಟ್ಟಿಯಲ್ಲಿ ಇದೂ ಇರಬೇಕು, ‘ಅದು ಬರೀ ಸೊಪ್ಪು’ ಎಂದು ಬಿಡುವಂತಿಲ್ಲ.

ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆಯ ಗ್ರಂಧಿಗೆ ಅಂಗಡಿಗಳಲ್ಲಿ ಕೊಳ್ಳುವವರಿಗೆ ಒಂದೇ ಸಲಹೆ ಕೊಡಬೇಕೆಂದರೆ ಇದು: ಪುಡಿ ಕೊಳ್ಳಬೇಡಿ, ಇಡೀ ಬೇರು, ಇಡೀ ಕಾಯಿ ಕೊಳ್ಳಿ. ಪುಡಿಯಾದ ಮೇಲೆ ಕಣ್ಣಿಗೂ ಮೂಗಿಗೂ ಕೆಲಸವಿಲ್ಲ. ಬೇರು ಮುರಿದರೆ ಟಕ್ಕೆನ್ನಬೇಕು, ಬಾಗಿದರೆ ತೇವ ಉಳಿದಿದೆ, ಒಳಗೆ ಬೂಷ್ಟು ಇದ್ದೀತು. ಪರಿಮಳದ ಬೇರಿಗೆ ಪರಿಮಳವೇ ಇಲ್ಲದಿದ್ದರೆ ಅದು ಸೌದೆ.

ಕುದಿಸುವ ಲೆಕ್ಕ

ಕಷಾಯ ಎಂದರೆ ಎಲ್ಲವನ್ನೂ ಒಂದೇ ಸಮ ಕುದಿಸುವುದು ಎಂದಾಗಿದೆ. ಹಳೆಯ ಲೆಕ್ಕ ಬೇರೆಯಿತ್ತು. ಎಲೆ, ಹೂವಿನಂಥ ಮೆತ್ತಗಿನದಕ್ಕೆ ತೂಕದ 4 ಪಟ್ಟು ನೀರು, ನಡುವಿನದಕ್ಕೆ 8 ಪಟ್ಟು, ಗಟ್ಟಿ ಬೇರು-ತೊಗಟೆಗೆ 16 ಪಟ್ಟು. ಮೂರರಲ್ಲೂ ನಾಲ್ಕರಲ್ಲೊಂದು ಪಾಲಿಗೆ ಇಳಿಸುವುದು. 10 ಗ್ರಾಂ ತೊಗಟೆಗೆ 160 ಮಿಲಿಲೀಟರ್ ನೀರು ಇಟ್ಟು 40ಕ್ಕೆ ಇಳಿಸಬೇಕು. ತರಿತರಿಯಾಗಿ ಕುಟ್ಟಿರಬೇಕು. ನುಣ್ಣಗೆ ಪುಡಿ ಮಾಡಿದರೆ ಗಂಜಿಯಾಗಿ ಸೋಸಲು ಬರುವುದಿಲ್ಲ, ಇಡೀ ತುಂಡು ಹಾಕಿದರೆ ಸಾರ ಬಿಡುವುದಿಲ್ಲ. ಪಾತ್ರೆಯ ಬಾಯಿ ತೆರೆದಿರಲಿ, ಉರಿ ಸಣ್ಣದಿರಲಿ. ಕುಕ್ಕರಿನಲ್ಲಿ ಮೂರು ವಿಷಲ್ ಹಾಕಿಸುವ ಹೊಸ ಪದ್ಧತಿಯಲ್ಲಿ ನೀರು ಇಂಗುವುದೇ ಇಲ್ಲ, ಕುಡಿಯುವುದು ಬರೀ ಬಣ್ಣದ ನೀರು.

ಪರಿಮಳವೇ ಸತ್ವವಾಗಿರುವ ಸೊಗದೆ, ಮಾಕಳಿ, ಲಾವಂಚಕ್ಕೆ ಈ ಕ್ರಮ ಸಲ್ಲದು. ಅವಕ್ಕೆ ಹಿಮ ಅಥವಾ ಫಾಂಟ. ಕುಟ್ಟಿದ ಬೇರಿಗೆ 6 ಪಟ್ಟು ತಣ್ಣೀರು ಹಾಕಿ ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಸೋಸುವುದು ಹಿಮ. ಕುದಿಸಿ ಇಳಿಸಿದ 4 ಪಟ್ಟು ಬಿಸಿನೀರು ಸುರಿದು ಮುಚ್ಚಿಡುವುದು ಫಾಂಟ. ಎರಡನ್ನೂ ಅಂದಂದೇ ಮುಗಿಸಬೇಕು.

ಅಳತೆಯ ವಿಚಾರದಲ್ಲಿ ಸಾಣೆಕಲ್ಲಿನಷ್ಟು ಜಾಣ ಉಪಕರಣ ಮತ್ತೊಂದಿಲ್ಲ. ಅಳಲೆಕಾಯಿ, ಜಾಕಾಯಿ, ಒಣಶುಂಠಿಯನ್ನು ನೀರು ಅಥವಾ ಹಾಲು ಹಾಕಿ ಇಂತಿಷ್ಟು ಸುತ್ತು ಎಂದು ತೇಯ್ದರೆ ಮಿಲಿಗ್ರಾಂ ಲೆಕ್ಕದಲ್ಲಿ ಮದ್ದು ಇಳಿಯುತ್ತದೆ. ಸುತ್ತು ಎಣಿಸುವುದೇ ತೂಕ. ಅದೇ ವಸ್ತುವನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಚಮಚದಲ್ಲಿ ಕೊಟ್ಟಾಗ ಹತ್ತಾರು ಪಟ್ಟು ಏರಿಬಿಡುತ್ತದೆ, ಜಾಕಾಯಿಯಂಥದ್ದು ಆ ಪ್ರಮಾಣದಲ್ಲಿ ಅಮಲು ಬರಿಸುತ್ತದೆ. ಇನ್ನು ಹಸುಗೂಸಿನ ನಾಲಿಗೆಗೆ ಬಜೆ ತೇಯ್ದು ಹಚ್ಚುವ ರೂಢಿ ಈ ಊರಿನಲ್ಲಿ ಇನ್ನೂ ಇದೆ. ಅದನ್ನು ಬಿಡಬೇಕು. ಬಜೆಯಲ್ಲಿ ಬೀಟಾ ಅಸರೋನ್ ಎಂಬ ನಂಜಿನ ಅಂಶವಿದೆ, ಆರು ತಿಂಗಳ ತನಕ ಮಗುವಿಗೆ ಎದೆಹಾಲಲ್ಲದೆ ಬೇರೆ ಏನೂ ಬೇಡ. ಅಜ್ಜಿ ಮುನಿಸಿಕೊಂಡು ಬಜೆಯ ಮಣಿಯ ಬಳೆಯನ್ನಾದರೂ ತೊಡಿಸಿ ಎಂದರೆ, ಅದೂ ಮಗುವಿನ ಬಾಯಿಗೆ ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ ರಾಜಿಯಾಗಿ.

ಗುಲಗಂಜಿ, ಗೌರಿಹೂವಿನ ಗೆಡ್ಡೆ, ಕಾಸರಕನ ಬೀಜ: ಇವು ಮೂರೂ ಹಳ್ಳಿಮದ್ದಿನಲ್ಲಿ ಹೆಸರಿರುವಂಥವು, ಮೂರೂ ಕೊಲ್ಲಬಲ್ಲವು. ಶುದ್ಧಿ ಮಾಡುವ ವಿಧಾನ ಬರಹದಲ್ಲಿ ಕಲಿಯುವಂಥದ್ದಲ್ಲ, ಹಾಗಾಗಿ ಇಲ್ಲಿ ಬರೆಯುವುದೂ ಇಲ್ಲ. ಹಾವು ಕಚ್ಚಿದರೆ ಸೊಪ್ಪು ಹುಡುಕುವಂತಿಲ್ಲ, ಆಸ್ಪತ್ರೆಯ ಪ್ರತಿವಿಷವೇ ಮದ್ದು. ಸೋಲಿಗರನ್ನು ಬರೀ ಬೇರು-ನಾರಿನಲ್ಲಿ ಬದುಕುವವರು ಎಂದು ಚಿತ್ರಿಸುವವರಿಗೆ ಗೊತ್ತಿರಲಿ, 1981ರಿಂದ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಅದೇ ಬೆಟ್ಟದ ಮೇಲಿದೆ. ಯಾವುದಕ್ಕೆ ಮನೆಯ ಮದ್ದು, ಯಾವುದಕ್ಕೆ ಆಸ್ಪತ್ರೆ ಎಂಬ ವಿಂಗಡಣೆ ಅವರಿಗೂ ಗೊತ್ತು.

ಜ್ಞಾನ ಯಾರದ್ದು

2006ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕೆ ಸಂಗ್ರಹಿಸುವುದು ನಿಂತಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಅದಕ್ಕೆ ಆಧಾರ. ಅದೇ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2011ರಲ್ಲಿ ಬೆಟ್ಟ ಹುಲಿ ಮೀಸಲಾಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಮೀಸಲಿನ ಒಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಮೊದಲಿಗರು ಸೋಲಿಗರು. ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಮು ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೂ ಸಮುದಾಯಕ್ಕೆ ಹಕ್ಕು ಕೊಡುತ್ತದೆ. ಜೇನು, ನೆಲ್ಲಿಯ ಹಕ್ಕಿನ ಬಗ್ಗೆ ಮಾತಾಡಿದಷ್ಟು ಈ ಕಲಮಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಜ್ಞಾನಕ್ಕೆ ಬೆಲೆ ಸಿಕ್ಕ ಉದಾಹರಣೆ ಎಂದರೆ ಕೇರಳದ ಕಾಣಿ ಸಮುದಾಯದ್ದು. 1987ರಲ್ಲಿ ಅಗಸ್ತ್ಯಮಲೆ ಕಡೆ ಹೋದ ವಿಜ್ಞಾನಿಗಳು, ದಾರಿ ತೋರುತ್ತಿದ್ದ ಕಾಣಿಗಳು ಒಂದು ಗಿಡದ ಹಣ್ಣು ತಿಂದು ದಣಿವಿಲ್ಲದೆ ನಡೆಯುವುದನ್ನು ಕಂಡರು. ಅದು ಆರೋಗ್ಯಪಚ್ಚ. ಅದರ ಎಲೆಯಿಂದ ‘ಜೀವನಿ’ ಎಂಬ ಔಷಧಿ ತಯಾರಾಗಿ, 10 ಲಕ್ಷ ರೂಪಾಯಿ ಶುಲ್ಕ, 2 ಶೇಕಡ ರಾಯಧನದ ಮೇಲೆ ಕಂಪನಿಯೊಂದಕ್ಕೆ ಪರವಾನಗಿ ಕೊಟ್ಟರು. ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ. ಅರಣ್ಯ ಇಲಾಖೆ ಎಲೆ ಕೊಯ್ಯಲು ಒಪ್ಪದೆ ಕಚ್ಚಾ ಮಾಲಿಗೇ ತೊಡಕಾಯಿತು ಎಂಬುದೂ ಅದೇ ಉದಾಹರಣೆಯ ಪಾಠ.

ಕಾನೂನಿನ ಸಿಕ್ಕು ಇರುವುದು ‘ಬರೆದ ಜ್ಞಾನ’ ಮತ್ತು ‘ಬಾಯಿಮಾತಿನ ಜ್ಞಾನ’ದ ಬೇಧದಲ್ಲಿ. ಆಯುರ್ವೇದದ ಸಂಹಿತೆಗಳಲ್ಲಿ ಬರೆದಿರುವುದನ್ನು ಬಳಸುವವರಿಗೆ, ಜ್ಞಾನ ಕೊಟ್ಟ ಸಮುದಾಯದ ಜೊತೆ ಲಾಭ ಹಂಚಿಕೊಳ್ಳುವ ಹೊಣೆಯಿಂದ 2023ರ ಜೀವವೈವಿಧ್ಯ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ನೆಲ್ಲಿ, ಅಳಲೆ, ಸೊಗದೆ ಸಂಹಿತೆಗಳಲ್ಲೂ ಇವೆ, ಸೋಲಿಗರ ಬಾಯಲ್ಲೂ ಇವೆ. ಕಂಪನಿ ಯಾವುದನ್ನು ನೋಡಿ ಕಲಿತೆ ಎಂದು ಹೇಳೀತು? ಉಪ್ಪಿಲನ್ನು ತಗ್ಗಿಸುವುದು ಯಾವ ಸಂಹಿತೆಯಲ್ಲೂ ಇಲ್ಲ, ಅದಿಲ್ಲದೆ ಕಾಡಿನ ನೆಲ್ಲಿಯೂ ಇಲ್ಲ.

ಮಾಕಳಿಗೆ ಹಿಂತಿರುಗೋಣ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ಗಿಡ. ಅಗೆಯುವ ಸರಿಯಾದ ಕ್ರಮವೆಂದರೆ ಬಳ್ಳಿಯ ಒಂದು ಮಗ್ಗುಲಿನಲ್ಲಿ ಮಾತ್ರ ಮಣ್ಣು ಬಿಡಿಸಿ, ಪಕ್ಕದ ಬೇರು ಕತ್ತರಿಸಿಕೊಂಡು, ನಡುಬುಡ ಅಲುಗಿಸದೆ ಮಣ್ಣು ಮುಚ್ಚುವುದು. ಮತ್ತೆ ಅಲ್ಲಿಗೆ ಬರುವುದು ಕೆಲವು ವರ್ಷ ಬಿಟ್ಟು. ಬೀಜದಿಂದ ಬೆಳೆಸುತ್ತೇವೆ ಎನ್ನುವವರಿಗೆ ತಾಳ್ಮೆ ಬೇಕು. ರೇಷ್ಮೆಯಂಥ ಕುಚ್ಚಿನ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಕಾಯಿ ಒಡೆದ ಕೂಡಲೇ ಬಿತ್ತಬೇಕು. ಕಾಂಡದ ತುಂಡು ಸುಲಭಕ್ಕೆ ಬೇರು ಬಿಡುವುದಿಲ್ಲ. ನೀರು ನಿಲ್ಲದ ಕಲ್ಲುಮಣ್ಣು, ಹಬ್ಬಲು ಆಸರೆ, ಮೂರು ನಾಲ್ಕು ವರ್ಷ ಬೇರು ಮುಟ್ಟದೆ ಬಿಡುವ ಮನಸ್ಸು ಬೇಕು. ಅಷ್ಟರ ತನಕ 8ನೇ ಅಡ್ಡರಸ್ತೆಯಲ್ಲಿ ಕಟ್ಟು ಆರಿಸುವವರು ತುದಿ ನೋಡಿ ಆರಿಸಲಿ. ಎರಡೂ ತುದಿ ಚಾಕುವಿನಿಂದ ಕತ್ತರಿಸಿದ ಬಿಡಿ ಬೇರುಗಳಿದ್ದರೆ ಬಳ್ಳಿ ಬೆಟ್ಟದಲ್ಲಿ ಉಳಿದಿರಬಹುದು. ನಾಲ್ಕೈದು ಬೇರು ಒಂದೇ ಬುಡಕ್ಕೆ ಅಂಟಿಕೊಂಡು, ಮೇಲೆ ಕಾಂಡದ ಮೋಟೂ ಇದ್ದರೆ ಇಡೀ ಗಿಡವನ್ನೇ ಕಿತ್ತು ತಂದಿದ್ದಾರೆ.